ಎದುರಾಳಿಗೆ ಕೊಟ್ಟ ವಾದ

“ನಿಮ್ಮ ಎರಡನೇ ವಾದ ಕಾಲು ಮುರಿದ ಕುರ್ಚಿ. ಕೂತ ತಕ್ಷಣ ಬೀಳ್ತೀರಿ,” ಎಂದಳು ಅವಳು.

ಲೈಬ್ರರಿಯ ಕಿಟಕಿ ಪಕ್ಕ, ಎದುರು ಕೂತಿದ್ದವನು ಬೆಚ್ಚಿ ತಲೆ ಎತ್ತಿದ. ಭಾಷಣವನ್ನು ಇಷ್ಟು ಹೊತ್ತೂ ಗಟ್ಟಿಯಾಗಿಯೇ ಓದಿಕೊಳ್ಳುತ್ತಿದ್ದೆನೆಂಬುದು ಅವನಿಗೆ ಆಗಲೇ ಗೊತ್ತಾದದ್ದು. ತತ್ವಶಾಸ್ತ್ರ ವಿಭಾಗಕ್ಕೆ ಅವನು ಮೇಷ್ಟ್ರಾಗಿ ಬಂದು ಎರಡೇ ವಾರ. ಶುಕ್ರವಾರ ದೊಡ್ಡ ಹಾಲ್‌ನಲ್ಲಿ ಚರ್ಚೆ: ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ನಂಬಿಕೆಗೆ ಜಾಗ ಇದೆಯೇ? ಇಲ್ಲ ಎನ್ನಬೇಕಾದವನು ಅವನು.

ಇದೆ ಎನ್ನಬೇಕಾದವಳು ಇವಳು. ಅವನಿಗೆ ಮಾತ್ರ ಅದು ತಿಳಿದಿರಲಿಲ್ಲ. ಎದುರಾಳಿ ಸಸ್ಯಶಾಸ್ತ್ರದವರು, ಪಾದ್ರಿಯ ಮಗಳು ಎಂದಷ್ಟೇ ಕೇಳಿದ್ದ. ಹತ್ತು ವರ್ಷ ಪಾಚಿಯ ಬೆನ್ನು ಬಿದ್ದು, ವಿದ್ಯಾರ್ಥಿಗಳ ಬಾಯಲ್ಲಿ ‘ಪಾಚಿ ಮೇಡಂ’ ಆಗಿಹೋದವಳು ನಿಜ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದ.

“ಎಲ್ಲಿ ಮುರಿದಿದೆ, ತೋರಿಸಿ.”

ಕಣ್ಣಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. ಅವಳ ಬಾಯಿ ಮುಚ್ಚಿಕೊಂಡಿತು.

“ನಂಬೋರು ಪ್ರಶ್ನೆ ಕೇಳಲ್ಲ ಅಂತ ಬರ್ದಿದೀರಿ. ದೇವರಿಗೆ ನಂಬೋರು ಹಾಕೋಷ್ಟು ಪ್ರಶ್ನೆ ಬೇರೆ ಯಾರೂ ಹಾಕಲ್ಲ. ಅದನ್ನ ಬಿಟ್ಟು ನೋವಿನ ವಾದ ಹಿಡೀರಿ. ಒಳ್ಳೇ ದೇವರಿದ್ರೆ ಮಕ್ಕಳು ಯಾಕೆ ಸಾಯ್ತಾರೆ? ನಮ್ಮ ನಿದ್ದೆ ಕೆಡಿಸೋದು ಅದು.”

“ನಮ್ಮ ಅಂದ್ರೆ?”

“ಎಲ್ಲರ,” ಎಂದಳು ಥಟ್ಟನೆ.

ಅವನು ಗೀಚಿಕೊಂಡು ನಕ್ಕ. ಗುಳಿ ಎಡಗೆನ್ನೆಯಲ್ಲಿ ಮಾತ್ರ ಬಿತ್ತು. ಅವಳು ಅದನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದಳು.

ಮನೆಯಲ್ಲಿ ವಿಷಯ ಕೇಳಿ ಅಪ್ಪ ಕನ್ನಡಕ ತೆಗೆದರು. “ಎದುರಾಳಿ ಕತ್ತಿ ನೀನೇ ಮಸೆದು ಕೊಟ್ಟು ಬಂದ್ಯಾ?”

“ತೀರಾ ಮೊಂಡಾಗಿತ್ತಪ್ಪಾ. ಅಯ್ಯೋ ಅನ್ನಿಸ್ತು.”

“ಅಯ್ಯೋ ಅಂತಷ್ಟೇ ಅನ್ನಿಸ್ತಾ?”

ಅವಳು ಪಾತ್ರೆ ತೊಳೆಯಲು ಎದ್ದುಹೋದಳು. ಪಾತ್ರೆಗಳೆಲ್ಲ ಆಗಲೇ ತೊಳೆದಿದ್ದವು.

ಶುಕ್ರವಾರ ವೇದಿಕೆಯ ಮೇಲೆ ಅವಳನ್ನು ಕಂಡು ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಮೈಕ್ ಮುಂದೆ ನಿಂತವನು ಹಾಳೆಗಳನ್ನು ಮಡಚಿಟ್ಟ.

“ನನ್ನ ಹತ್ರ ಇರೋ ಒಂದೇ ಗಟ್ಟಿ ವಾದ ಈ ಮೇಡಂ ಕೊಟ್ಟಿದ್ದು. ಉತ್ತರಾನೂ ಅವರೇ ಕೊಡಲಿ.” ಎಲ್ಲರೂ ಗೊಳ್ಳೆಂದು ನಕ್ಕರು, ಅವಳೊಬ್ಬಳನ್ನು ಬಿಟ್ಟು.

ಮಕ್ಕಳ ಸಾವಿನ ಆ ಪ್ರಶ್ನೆಯನ್ನು ಸಭೆಯ ಮುಂದಿಟ್ಟು ಅವನು ಕೂತ. ಅವಳು ಮೈಕ್ ಹತ್ತಿರ ಬಂದಳು.

“ನನ್ನ ತಮ್ಮ ಆರು ವರ್ಷಕ್ಕೆ ಹೋಗ್ಬಿಟ್ಟ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ನಂಬಿರೋದು ಶಿಲುಬೆ ಮೇಲೆ ತಾನೂ ‘ದೇವರೇ, ಯಾಕೆ ನನ್ನ ಕೈಬಿಟ್ಟೆ’ ಅಂತ ಕೇಳಿದವನನ್ನ. ಅದಕ್ಕೇ ಕೇಳೋದನ್ನ ಬಿಟ್ಟಿಲ್ಲ. ಕೇಳೋರಿಗೆ ಇಲ್ಲಿ ಜಾಗ ಇಲ್ಲ ಅಂದ್ರೆ ಇನ್ನೆಲ್ಲಿದೆ?”

ಮೊದಲು ಚಪ್ಪಾಳೆ ತಟ್ಟಿದವನು ಅವನೇ.

ಕಾರಿಡಾರ್‌ನಲ್ಲಿ ಅಡ್ಡ ನಿಂತ. “ಮೋಸ ಮಾಡಿದ್ರಿ.”

“ಹೌದು. ತಪ್ಪಾಯ್ತು.”

“ಕಾಫಿ ಕೊಡಿಸಿ. ಕ್ಷಮಿಸೋ ವಿಷಯ ಆಮೇಲೆ ನೋಡೋಣ.”

ಆ ಕಾಫಿ ಒಂದು ವರ್ಷ ನಡೆಯಿತು. ದೇವರಿಂದ ಶುರುವಾದ ಜಗಳ ಸಕ್ಕರೆ ಎಷ್ಟು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಭಾನುವಾರಗಳಲ್ಲಿ ಅವನು ಚರ್ಚಿನ ಕೊನೇ ಬೆಂಚಿನಲ್ಲಿ ಕೂರತೊಡಗಿದ, ಹಾಡುತ್ತಿರಲಿಲ್ಲ, ಕೇಳುತ್ತಿದ್ದ. ಒಂದು ಸಂಜೆ, ಲ್ಯಾಬಿನ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟ:

“ನಾನು ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾಗ್ತೀನಿ. ನೀವಿಲ್ಲದೆ ನನಗಾಗಲ್ಲ.”

ಅವಳ ಎದೆ ಹಾರಿತು. ಮರುಕ್ಷಣವೇ ಕುಸಿಯಿತು.

“ನಂಬಿಕೆ ಬಂತಾ?”

ಅವನು ಸುಳ್ಳು ಹೇಳಲು ನೋಡಿದ, ಆಗಲಿಲ್ಲ. “ಇಲ್ಲ.”

“ಹಾಗಾದ್ರೆ ಬೇಡ. ನನಗೋಸ್ಕರ ಮುಳುಗಿದ್ರೆ ನಿಮ್ಮ ದೇವರು ನಾನಾಗ್ತೀನಿ. ಆ ಕೆಲಸ ನನ್ನ ಕೈಲಾಗಲ್ಲ.” ಅವಳು ಬಾಗಿಲ ಹತ್ತಿರಕ್ಕೆ ಬಂದಳು. “ನನಗೆ ನೀವೇ ಬೇಕು. ನೀವು ಹೇಗಿದೀರೋ ಹಾಗೇ. ಆದ್ರೆ ಅಪ್ಪ ಏನಂತಾರೋ ಗೊತ್ತಿಲ್ಲ.”

ಅವಳು ನಡೆದದ್ದನ್ನೆಲ್ಲ ಹೇಳಿ ಮುಗಿಸಿದಾಗ ಅಪ್ಪ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟರು.

“ಒಂದೇ ನಂಬಿಕೆಯ ಮನೆ ನಿನಗೆ ಸಿಗಲಿ ಅಂತ ಆಸೆ ಇತ್ತು. ಇಲ್ಲ ಅನ್ನಲ್ಲ,” ಎಂದರು. “ಆದ್ರೆ ನೀನು ಸಿಗ್ತೀಯ ಅಂತ ಗೊತ್ತಿದ್ದೂ ನಂಬಿದೀನಿ ಅಂತ ಸುಳ್ಳು ಹೇಳ್ಲಿಲ್ವಲ್ಲ ಆ ಹುಡುಗ! ಅಂಥವನ ಕೈಗೆ ಮಗಳನ್ನ ಕೊಡಕ್ಕೆ ನನಗೆ ಭಯ ಇಲ್ಲ. ಉಳಿದದ್ದು ಅವನಿಗೂ ದೇವರಿಗೂ ಬಿಟ್ಟಿದ್ದು. ನಾಳೆ ಮಧ್ಯಾಹ್ನ ಊಟಕ್ಕೆ ಬರಕ್ಕೆ ಹೇಳು.”

ಮರುದಿನ ಅವಳು ಅವನ ಪಾಠ ಮುಗಿಯುವವರೆಗೆ ಕಾಯಲಿಲ್ಲ. ತುಂಬಿದ ಕ್ಲಾಸಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು.

“ಮೇಷ್ಟ್ರೇ, ಅಪ್ಪ ಊಟಕ್ಕೆ ಕರೀತಿದಾರೆ. ಅಳಿಯ ಅಂತ.”

ಅರವತ್ತು ತಲೆಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಅವನ ಕೈಯ ಚಾಕ್ ಎರಡು ತುಂಡಾಯಿತು.

“ಸರ್, ಇದಕ್ಕೆ ಪ್ರತಿವಾದ ಇದೆಯಾ?” ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು.

“ಇಲ್ಲಮ್ಮ,” ಎಂದ ಅವನು. ಬಾಗಿಲಿಗೆ ಬಂದು, ಇಡೀ ಕ್ಲಾಸಿನ ಮುಂದೆ, ಚಾಕ್ ಮೆತ್ತಿದ ಕೈಯಿಂದಲೇ ಅವಳ ಕೈ ಹಿಡಿದ. ಹಿಂದೆ ಡೆಸ್ಕುಗಳ ಮೇಲೆ ಡಬಡಬ ಸದ್ದು ಎದ್ದಿತು. ಕಾರಿಡಾರ್ ಉದ್ದಕ್ಕೂ ಅವಳು ನಗುತ್ತಲೇ ಇದ್ದಳು.