ಚೈತನ್ಯಾಳ ಗೆರೆ ನಡುಗಿದ್ದು

"ಇದು ಸರಿ ಇಲ್ಲ. ಗೆರೆ ನಡುಗ್ತಾ ಇದೆ."

ಗೋವಿಂದರಾಜನಗರದ ಮಾನಿಟರ್ ರಿಪೇರಿ ಅಂಗಡಿಯ ಕೌಂಟರ್ ಮೇಲೆ ಚೈತನ್ಯಾ ಮರದ ಚೌಕಟ್ಟಿನ ಪರದೆಯನ್ನು ಧೊಪ್ಪನೆ ಇಟ್ಟಳು. ಅಂಗಡಿಯ ಸಿದ್ದಲಿಂಗೇಶನ ಜೀವ ಹೋಗಿ ಬಂತು. ಎಷ್ಟು ನಾಜೂಕಿನ ವಸ್ತು ಅದು! ಆದರೆ ಬಯ್ಯುವ ಧೈರ್ಯ ಯಾರಿಗಿದೆ? ಅವಳ ಮೂಗಿನ ತುದಿ ಆಗಲೇ ಕೆಂಪಾಗಿತ್ತು.

ಪರದೆಯ ಮೇಲೇ ಪೆನ್ ಊರಿ ಚಿತ್ರ ಬರೆಯುವ ಯಂತ್ರ ಅದು. ಫಾರಿನ್‌ದು ಕೊಳ್ಳಲು ಹೋದರೆ ಲಕ್ಷ ದಾಟುತ್ತದೆ. 2008ರಲ್ಲಿ ಅನಿಮೇಷನ್ ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗಿಗೆ ಅದು ಗಗನಕುಸುಮವೇ ಸರಿ. ಇಂಟರ್‌ನೆಟ್ಟಿನಲ್ಲಿ ಯಾರೋ ಮನೆಯಲ್ಲೇ ಮಾಡಿಕೊಂಡದ್ದನ್ನು ನೋಡಿ, ಅದರ ಪ್ರಿಂಟ್ ಹಿಡಿದುಕೊಂಡು ಅವಳು ತಿಂಗಳ ಹಿಂದೆ ಈ ಅಂಗಡಿಗೆ ಬಂದಿದ್ದಳು. ಇಬ್ಬರೂ ಸೇರಿ ಹಳೇ ಎಲ್‌ಸಿಡಿ ಮಾನಿಟರ್ ಬಿಚ್ಚಿದರು. ಹಿಂದಿನ ತಗಡು ಕಿತ್ತರು. ಅವಳ ಡ್ರಾಯಿಂಗ್ ಟ್ಯಾಬ್ಲೆಟ್ಟಿನ ಒಳಗಿನ ಬೋರ್ಡನ್ನು ಪರದೆಯ ಬೆನ್ನಿಗೆ ಕೂರಿಸಿದರು.

ಸ್ಕ್ರೂ ಎತ್ತಿಕೊಡುವಾಗ ಅವಳ ಬೆರಳು ತಾಗಿದರೆ ಸಾಕು, ಆ ಸ್ಕ್ರೂ ಎಲ್ಲಿಯದೆಂಬುದೇ ಅವನಿಗೆ ಮರೆತುಹೋಗುತ್ತಿತ್ತು. ತಿಂಗಳಿಡೀ ಹಾಗೇ ಕಳೆಯಿತು. ಹೇಳಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.

"ಕೂತ್ಕೊಳ್ಳಿ. ಏನಾಯ್ತು ಹೇಳಿ?"

"ಏನಾಗೋದು? ಮೂಗು ಬರೆದ್ರೆ ಗರಗಸ ಆಗುತ್ತೆ! ಸೋಮವಾರದೊಳಗೆ ಸ್ಟುಡಿಯೋಗೆ ಹತ್ತು ಚಿತ್ರ ಕೊಡ್ಬೇಕು. ಈ ಟೆಸ್ಟೂ ಹೋದ್ರೆ ಗಂಟುಮೂಟೆ ಕಟ್ಕೊಂಡು ದಾವಣಗೆರೆಗೆ ಬಾ ಅಂದಿದಾರೆ ಅಪ್ಪ. ಒಂದ್ಸಲ ಹೋದ್ರೆ ಮುಗೀತು, ಮತ್ತೆ ಕಳ್ಸಲ್ಲ."

ದಾವಣಗೆರೆಗೆ! ಅವನು ಪರದೆಯನ್ನು ಹತ್ತಿರ ಎಳೆದುಕೊಂಡ. ಎಂದಿನಂತೆ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬೆನ್ನಿಗೆ ಸರಿಸಿ, ವೈರ್ ಜೋಡಿಸಿ, ಪೆನ್ ಹಿಡಿದು ಒಂದು ಗೆರೆ ಎಳೆದ. ನೂಲು ಹಿಡಿದಂತೆ ನೆಟ್ಟಗೆ ಬಂತು.

ಅವಳು ಪೆನ್ ಕಸಿದುಕೊಂಡು ಬಗ್ಗಿ ಎಳೆದಳು. ಗೆರೆ ಗಡಗಡ ನಡುಗಿತು.

"ಟೆನ್ಶನ್‌ಗೆ ನಿಮ್ಮ ಕೈ ನಡುಗ್ತಿರಬಹುದು," ಎಂದುಬಿಟ್ಟ ಪುಣ್ಯಾತ್ಮ.

"ನನ್ನ ಕೈನಾ? ಸಂಕ್ರಾಂತಿಗೆ ಇಡೀ ಬೀದಿಗೆ ರಂಗೋಲಿ ಬಿಡೋ ಕೈ ರೀ ಇದು! ನೀವೇ ಇಟ್ಕೊಳ್ಳಿ ಇದನ್ನ, ಪೂಜೆ ಮಾಡಿ." ಅವಳು ಹೋಗಿಯೇಬಿಟ್ಟಳು. ತಿರುಗಿ ಕೂಡ ನೋಡಲಿಲ್ಲ.

ಶನಿವಾರವೆಲ್ಲ ಅವನು ವೈರ್ ಬದಲಿಸಿದ, ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಅವನು ಎಳೆದಾಗಲೆಲ್ಲ ಗೆರೆ ನೆಟ್ಟಗೇ ಬರುತ್ತಿತ್ತು. ಇರುವ ರೋಗವನ್ನಾದರೆ ವಾಸಿ ಮಾಡಬಹುದು, ಇಲ್ಲದ ರೋಗಕ್ಕೆ ಯಾವ ಮದ್ದು?

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಅಂಗಡಿಗೆ ಬಂದವನು, ಕೆಲಸಕ್ಕೆ ಕೈ ಹಾಕುವ ಮೊದಲು ಟೀ ಕುಡಿಯುತ್ತಾ ಸುಮ್ಮನೆ ಪರದೆಯ ಮೇಲೆ ಬಗ್ಗಿ ಗೀಚಿದ. ಗೆರೆ ನಡುಗಿತು! ಲೋಟ ಕೆಳಗಿಟ್ಟು ಮತ್ತೆ ಎಳೆದ. ಮತ್ತೆ ನಡುಗಿತು. ಆಗ ತಲೆ ತಗ್ಗಿಸಿ ನೋಡಿಕೊಂಡ. ಕರಡಿಗೆ ಪರದೆಯ ಮೇಲೆಯೇ ತೂಗುತ್ತಿತ್ತು.

ಮಾನಿಟರ್ ಒಳಗೆ ಹೈ ವೋಲ್ಟೇಜ್ ಇರುತ್ತದೆಂದು, ಕೆಲಸಕ್ಕೆ ಕೂರುವಾಗ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುವುದು ಅವನಿಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಹಾಗಾಗಿ ಅವನ ಗೆರೆ ನೆಟ್ಟಗೆ. ಬೆಳ್ಳಿ ಹತ್ತಿರ ಬಂದರೆ ಒಳಗಿನ ಬೋರ್ಡಿಗೆ ಪೆನ್ ಎಲ್ಲಿದೆಯೆಂದು ಗೊತ್ತಾಗುವುದಿಲ್ಲ. ಚೈತನ್ಯಾಳ ಕತ್ತಿನ ಹಿಂದೆ ಬಿಳಿ ಶಿವದಾರ ಇಣುಕುತ್ತಿದ್ದುದನ್ನು ಅವನು ತಿಂಗಳಿನಿಂದ ನೋಡುತ್ತಲೇ ಇದ್ದ. ಅದರ ತುದಿಗೂ ಇಂಥದೇ ಕರಡಿಗೆ!

ಸರಿ, ಗೊತ್ತಾಯಿತು. ಹೇಳುವುದು ಹೇಗೆ? ನಿಮ್ಮ ಎದೆಯ ಮೇಲಿರುವುದೇ ಕಾರಣ ಎಂದು ಹೆಣ್ಣುಮಗಳಿಗೆ ಹೇಳುವುದುಂಟೇ, ಶಿವ ಶಿವಾ! ಹೇಳಿದರೆ ಎಲ್ಲಿ ನೋಡ್ತಿದೀರಿ ಅನ್ನುತ್ತಾಳೆ. ಹೇಳದಿದ್ದರೆ ದಾವಣಗೆರೆ ಬಸ್ಸು ಹತ್ತುತ್ತಾಳೆ. ಬೈಸಿಕೊಂಡರೂ ಚಿಂತೆಯಿಲ್ಲ, ಬಸ್ಸು ಹತ್ತಬಾರದು ಎಂದುಕೊಂಡು ಪರದೆಯನ್ನು ಸ್ಕೂಟರಿಗೆ ಕಟ್ಟಿದ.

ಅನ್ನಪೂರ್ಣೇಶ್ವರಿ ನಗರದಲ್ಲಿ ಅವಳಿದ್ದ ಸೋದರತ್ತೆ ನೀಲಗಂಗಮ್ಮನ ಮನೆಯಲ್ಲಿ, ಹಾಲ್‌ನ ಟೇಬಲ್ ಮೇಲೆ ಅದನ್ನಿಟ್ಟು ಅವಳ ಕಂಪ್ಯೂಟರಿಗೆ ಜೋಡಿಸಿದ. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಚೈತನ್ಯಾ ಮುಖ ಊದಿಸಿಕೊಂಡಿದ್ದಳು.

ಅವನು ತನ್ನ ಕರಡಿಗೆಯನ್ನು ಅಂಗಿಯಿಂದ ಹೊರಗೆ ತೆಗೆದು, ಬಗ್ಗಿ ಗೆರೆ ಎಳೆದ. ನಡುಗಿತು. ಬೆನ್ನಿಗೆ ಸರಿಸಿ ಎಳೆದ. ನೆಟ್ಟಗೆ ಬಂತು. ಆಮೇಲೆ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಚೈತನ್ಯಾಳ ಕೈ ತಾನಾಗಿ ಕೊರಳಿಗೆ ಹೋಯಿತು. ಕಿವಿಯವರೆಗೂ ಕೆಂಪೇರಿತು. "ಅಯ್ಯೋ... ಇದನ್ನ ಬಾಯ್ಬಿಟ್ಟು ಹೇಳೋಕೆ ಆಗ್ಲಿಲ್ವಾ?"

"ಹೇಗೆ ಹೇಳ್ಲಿ, ನೀವೇ ಹೇಳಿ," ಎಂದ, ಕ್ಯಾಲೆಂಡರಿಗೆ.

ಅವಳು ಕಿಸಕ್ಕನೆ ನಕ್ಕು, ಅತ್ತ ತಿರುಗಿ, ಶಿವದಾರವನ್ನು ಬೆನ್ನಿಗೆ ಎಳೆದುಕೊಂಡು ಕೂತಳು. ಒಂದು ಮೂಗು ಬರೆದಳು. ಮೂಗು ಮೂಗಿನ ಹಾಗೇ ಬಂತು.

"ಅಲ್ಲ ಕಣೇ, ಲಿಂಗಪ್ಪನ್ನ ಬೆನ್ನಿಗೆ ಹಾಕ್ಕೋತೀಯಾ?" ಎಂದರು ಅತ್ತೆ.

"ದೇವ್ರು ಬೆನ್ನಿಗಿದಾನೆ ಅನ್ನಿ ಅತ್ತೆ!" ಅವಳ ದೃಷ್ಟಿ ಪರದೆಯಿಂದ ಎದ್ದು ಅವನ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಪರದೆಗೆ ಇಳಿಯಿತು. ಆ ಒಂದು ಗಳಿಗೆಗೆ ಅವನು ಎರಡು ರಾತ್ರಿ ನಿದ್ದೆಗೆಟ್ಟ.

ಮುಂದಿನ ಶುಕ್ರವಾರ ಅವಳು ಅಂಗಡಿಗೆ ಓಡಿಬಂದಳು. "ಸೆಲೆಕ್ಟ್ ಆದೆ ರೀ! ಒಂದನೇ ತಾರೀಕಿಂದ ಬನ್ನಿ ಅಂದ್ರು!"

ಅವನಿಗೆ ಕುಣಿಯಬೇಕೆನ್ನಿಸಿತು. ಕುಣಿಯುವ ಬದಲು, ಇಷ್ಟು ದಿನ ಬಾರದ ಮಾತು ಬಾಯಿಗೆ ಬಂತು. "ನೀವು ಹೊರಟೇಹೋಗ್ತೀರಾ ಅಂತ ಜೀವ ಬಾಯಿಗೆ ಬಂದಿತ್ತು. ನಂಗೆ ನೀವಂದ್ರೆ ಇಷ್ಟ, ಚೈತನ್ಯಾ. ತುಂಬಾ ಇಷ್ಟ."

ಅವಳು ದುಪಟ್ಟಾದ ಅಂಚು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆದ್ರೆ ಈ ಭಾನುವಾರ ದಾವಣಗೆರೆಗೆ ಹೋಗ್ಲೇಬೇಕು."

ಅವನ ಮುಖ ಬಾಡಿತು. "ಯಾಕೆ? ಕೆಲಸ ಸಿಕ್ತಲ್ಲ?"

"ನಾನೊಬ್ಳೇ ಅಂದ್ನಾ? ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ. ಊಟದ ಹೊತ್ತಿಗೇ ಬಂದ್ಬಿಡಿ. ಊಟ ಆದ್ಮೇಲೆ ಕೇಳಿದ್ರೆ ನಮ್ಮಪ್ಪ ಯಾವುದಕ್ಕೂ ಇಲ್ಲ ಅನ್ನಲ್ಲ."