ನೀಲಪ್ಪನ ಸೂಜಿ

ಸುಧಾರಾಣಿಯ ಬಳಿ ಕಾರಣ ಇರಲಿಲ್ಲ. ಕೆಲಸ ಇತ್ತು, ಹಿರೇಕೆರೂರಿನಲ್ಲಿ ಬಾಡಿಗೆ ಮನೆ ಇತ್ತು. ತನ್ನೊಡನೆ ನಿಶ್ಚಯವಾದ ಮದುವೆಯನ್ನು ಮೃತ್ಯುಂಜಯ ಏಳು ವರ್ಷದ ಹಿಂದೆ ಯಾಕೆ ಮುರಿದ ಎಂಬುದಕ್ಕೆ ಮಾತ್ರ ನಂಬುವಂಥ ಕಾರಣ ಇರಲಿಲ್ಲ.

ಈಗ ಅವನೇ ಎದುರಿಗೆ ಕೂತಿದ್ದ.

ಮಾಸೂರಿನ ಶಾಲೆಯ ಕೋಣೆ. ಊರಿನ ಎಲ್ಲರ ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕು ಇದೆಯೇ ಎಂದು ನೋಡುವ ಶಿಬಿರ. ಅವಳು ಲ್ಯಾಬ್ ಟೆಕ್ನಿಷಿಯನ್. ಪರದೆಯ ಈಚೆ ಅವರಿಬ್ಬರೇ.

"ಹೆಸರ ಹೇಳ್ರಿ."

"ನಿನಗ ಗೊತ್ತಿಲ್ಲೇನು?"

"ಬರ್ಕೊಳ್ಳಾಕ ಕೇಳಾಕತ್ತೇನಿ."

ಅವನು ಹೇಳಿದ. ಬೆರಳು ಮಾತ್ರ ಚಾಚಲಿಲ್ಲ. "ಅವ್ವ ಕಳಿಸ್ಯಾಳ ಅಂತ ಬಂದೆ. ಗ್ಲೌಸ್ ಸರಿಯಾಗಿ ಹಾಕ್ಕೊಂಡೀಯಲ್ಲ?"

ಏಳು ವರ್ಷದ ಮೇಲೆ ಕೇಳುವ ಮಾತು ಇದೇನಾ... ಅವಳು ಸಿಟ್ಟಿನಿಂದಲೇ ಬೆರಳು ಹಿಡಿದು ಚುಚ್ಚಿದಳು. ಒಂದು ಹನಿ ರಕ್ತ ಪರೀಕ್ಷೆಯ ಪಟ್ಟಿಯ ಮೇಲೆ ಬಿತ್ತು. ಇಪ್ಪತ್ತು ನಿಮಿಷ ಕಾಯಬೇಕು.

ಪರದೆಯಾಚೆ ಮುದಕವ್ವಜ್ಜಿ ಜಗಳ ತೆಗೆದಿದ್ದಳು. "ಬೆರಳ ಚುಚ್ಚಿದ್ರ ಆತೇನಬೇ? ಸೂಜಿ ಮಾಡುದಿಲ್ಲ? ನಮ್ಮ ನೀಲಪ್ಪ ಇದ್ದಾಗ ಕೆಮ್ಮಿದ್ರ ಒಂದು, ಸೀನಿದ್ರ ಎರಡು."

ಸುಧಾರಾಣಿಗೆ ನಗು ಬಂತು. ಅವನಿಗೂ.

ಕಾಂಪೌಂಡರ್ ನೀಲಪ್ಪನ ಪಡಸಾಲೆ. ಸ್ಪಿರಿಟ್ಟಿನ ವಾಸನೆ, ಉದ್ದನೆಯ ಬೆಂಚು, ಸ್ಟೀಲಿನ ಡಬ್ಬಿಯಲ್ಲಿ ಗಾಜಿನ ಸಿರಿಂಜು. ಬೆಳಿಗ್ಗೆ ಒಂದು ಸಲ ಕುದಿಸಿದರೆ ಇಡೀ ದಿನ ಅದೇ ಸೂಜಿ. ಇಬ್ಬರೂ ಆಗ ಆರನೆಯ ತರಗತಿ. ಜ್ವರದ ಕಾಲದಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ಅವನು ಮೊದಲು ಹೋಗಿ, ಹಲ್ಲು ಕಚ್ಚಿಕೊಂಡು ಹೊರಬಂದು ಅವಳಿಗೆ ಹೇಳುತ್ತಿದ್ದ, "ನೋಯುದಿಲ್ಲ. ಹೋಗು." ಆಮೇಲೆ ಒಂದು ಪೆಪ್ಪರಮಿಂಟನ್ನು ಇಬ್ಬರೂ ಕಚ್ಚಿ ಹಂಚಿಕೊಳ್ಳುತ್ತಿದ್ದರು.

ಪಟ್ಟಿಯಲ್ಲಿ ಗೆರೆ ಮೂಡಿತು. ಪಕ್ಕದಲ್ಲಿ ಇನ್ನೊಂದು, ಸೋಂಕು ತಗುಲಿದ ಗುರುತು.

"ಎರಡ ಗೆರಿ, ಹೌದಲ್ಲ?" ಅವನು ನೋಡದೆಯೇ ಕೇಳಿದ.

"ನಿನಗ ಹೆಂಗ ಗೊತ್ತು?"

"ಲಗ್ನಕ್ಕ ತಿಂಗಳಿದ್ದಾಗ ರಕ್ತ ಕೊಟ್ಟಿದ್ದೆ. ಬ್ಲಡ್ ಬ್ಯಾಂಕಿನವರು ಫೋನ್ ಮಾಡಿ, ರಕ್ತದಾಗ ಈ ರೋಗ ಐತಿ, ದೊಡ್ಡ ಡಾಕ್ಟರಿಗೆ ತೋರಸ್ರಿ ಅಂದ್ರು. ನಾ ನೀಲಪ್ಪನ್ನ ಕೇಳಿದೆ."

"ಏನಂದ?"

"ಇದಕ್ಕ ಔಷಧಿಲ್ಲ, ಹೆಂಡ್ತಿಗೂ ಹತ್ತತೈತಿ ಅಂದ. ಖರೇ ಹೇಳಿದ್ರ ನೀ ಬಿಡ್ತಿದ್ದಿಲ್ಲ. ಅದಕ್ಕ ಹುಡುಗಿ ಮನಸ್ಸಿಗೆ ಬಂದಿಲ್ಲ ಅಂತ ಹೇಳಿ ಕಳಿಸಿದೆ."

ಆ ಮಾತನ್ನು ಅವಳು ಏಳು ವರ್ಷ ಹೊತ್ತಿದ್ದಳು. ಕನ್ನಡಿಯಲ್ಲಿ ತನ್ನ ಮುಖದ ದೋಷ ಹುಡುಕಿದ್ದಳು.

ಅವಳು ಹೊಸ ಪಟ್ಟಿ ತೆಗೆದು, ಗ್ಲೌಸ್ ಕಳಚಿ, ಹೊಸ ಸೂಜಿಯಿಂದ ತನ್ನ ಬೆರಳನ್ನೇ ಚುಚ್ಚಿಕೊಂಡಳು.

"ಏನ ಮಾಡಾಕತ್ತಿ?"

"ಸುಮ್ಮ ಕುಂದ್ರು."

ಮತ್ತೆ ಇಪ್ಪತ್ತು ನಿಮಿಷ. ಎರಡು ಪಟ್ಟಿಗಳು ಮೇಜಿನ ಮೇಲೆ ಅಕ್ಕಪಕ್ಕ ಇದ್ದವು, ಆ ಬೆಂಚಿನ ಮೇಲೆ ಇಬ್ಬರು ಕೂತ ಹಾಗೆ. ಅವಳ ಪಟ್ಟಿಯಲ್ಲೂ ಎರಡು ಗೆರೆ ಮೂಡಿದವು.

ಅವನು ಅವಳ ಪಟ್ಟಿಯ ಮೇಲೆ ಬಾಗಿದ. "ನಿನಗೂ...?"

"ನಿನಗ ಚುಚ್ಚಿದ ಮ್ಯಾಲ ನೀಲಪ್ಪ ಅದ ಸೂಜಿ ನನಗ ಚುಚ್ತಿದ್ದ. ಮರತೇನು? ನಾಕ ವರ್ಷದ ಹಿಂದ ಕೆಲಸಕ್ಕ ಸೇರಿದಾಗ ಗೊತ್ತಾತು. ಹನ್ನೆರಡು ವಾರ ಗುಳಗಿ ನುಂಗಿದೆ, ಹೋತು. ಹಳೇ ಗಾಯದ ಗುರ್ತ ಇದ್ದಂಗ ಈ ಗೆರಿ ಅಷ್ಟ ಉಳದೈತಿ."

"ನನಗ?"

"ಇನ್ನೊಂದ ಟೆಸ್ಟ್ ಆಗಬೇಕು. ವೈರಸ್ ಇದ್ರ ಗುಳಗಿ. ಇಲ್ಲಂದ್ರ ಅದೂ ಬ್ಯಾಡ." ಅವಳು ಕಳಚಿದ ಗ್ಲೌಸನ್ನು ಬುಟ್ಟಿಗೆ ಎಸೆದಳು. "ನನ್ನ ಉಳಸಾಕ ಹೋದಿ. ನನ್ನ ಒಂದ ಮಾತ ಕೇಳಲಿಲ್ಲ."

ಅವನು ತಲೆ ಎತ್ತದೆ ಕೇಳಿದ, "ನೀ ಯಾಕ ಲಗ್ನ ಆಗಲಿಲ್ಲ?"

"ಖರೇ ಕಾರಣ ಗೊತ್ತಾಗಲಿ ಅಂತ ಕುಂತಿದ್ದೆ."

"ಈಗ ಗೊತ್ತಾತಲ್ಲ. ಈಗ ಕೇಳಿದ್ರ... ಲಗ್ನ ಆಕ್ಕೀಯೇನು?"

ಅವಳು ಅವನ ಬೆರಳಿನ ಒಣಗಿದ ರಕ್ತಕ್ಕೆ ಹತ್ತಿ ಒತ್ತಿದಳು. ಒತ್ತಿದ ಕೈ ತೆಗೆಯಲಿಲ್ಲ.

"ಮೊದಲ ನಾಳೆ ಹಿರೇಕೆರೂರಿಗೆ ಬಾ. ಈ ಸಲ ನಾ ಮೊದಲ ಹೋಗಿ ಬಂದೇನಿ. ನೋಯುದಿಲ್ಲ."

ಅವನ ರಕ್ತದಲ್ಲಿ ವೈರಸ್ ಇತ್ತು. ಎಂಬತ್ತನಾಲ್ಕು ದಿನ ಗುಳಿಗೆ ನುಂಗಿದ. ಮೂರು ತಿಂಗಳು ಬಿಟ್ಟು ನೋಡಿದಾಗ ಇರಲಿಲ್ಲ. ಮರುವಾರ ಮದುವೆಯಾಯಿತು.

ನಡುವೆ ಕಳೆದುಹೋದದ್ದು ಏಳು ವರ್ಷ, ಆರು ತಿಂಗಳು.