ಮೂರನೇ ಮಹಡಿಯಿಂದ ಒಂದು ಬಕೆಟ್ ನೀರು

"ಏನ್ರೋ ಇದು, ಮನೆನಾ ಇಲ್ಲಾ ಕಪ್ಪೆ ಗುಂಡಿನಾ?"

ಹಾರ್ಲೆಮ್ ಬಡಾವಣೆಯ ಆ ಹಳೇ ಕಟ್ಟಡದ ಮೂರನೇ ಮಹಡಿಯಿಂದ ಅರ್ನೆಸ್ಟೀನ್ ಕೂಗಿದಳು. ಕೂಗಿದ್ದಷ್ಟೇ ಅಲ್ಲ, ಒಂದು ಬಕೆಟ್ ನೀರನ್ನೂ ಸುರಿದಳು!

ಕೆಳಗೆ ಮೆಟ್ಟಿಲ ಬುಡದಲ್ಲಿ ನಾಲ್ವರು ಹುಡುಗರು ಹಾಡುತ್ತಿದ್ದರು. ವಾದ್ಯ ಕೊಳ್ಳಲು ಗತಿಯಿಲ್ಲದೆ ಬಾಯಲ್ಲೇ ವಾದ್ಯ ನುಡಿಸುವವರು. ಮೂವರು ತಪ್ಪಿಸಿಕೊಂಡರು. ದಪ್ಪ ದನಿಯ ಲೂಷಿಯಸ್ ಮಾತ್ರ ಕಣ್ಣು ಮುಚ್ಚಿ ಮೈಮರೆತಿದ್ದ.

"ಡೂಮ್... ಡೂಮ್... ಹೂವೀಪ್!"

ಅಷ್ಟು ದಪ್ಪ ಗಂಟಲಿನಿಂದ ಅಂಥಾ ಕೀರಲು ಸದ್ದು! ಅರ್ನೆಸ್ಟೀನ್‌ಗೆ ನಗು ತಡೆಯಲಾಗಲಿಲ್ಲ. ಅವನು ತಲೆಯೆತ್ತಿದ. ಒದ್ದೆಮುದ್ದೆಯಾದ ಮುಖದಲ್ಲಿ ಆ ಕಣ್ಣುಗಳು... ಅವಳ ಎದೆ ಝಲ್ಲೆಂದಿತು.

ಆಮೇಲೆ ಅವನು ದಿನಾ ಬಂದ. ಬೈಯುವ ನೆಪದಲ್ಲಿ ಅವಳೂ ದಿನಾ ಕೆಳಗಿಳಿದಳು.

"ದಿನಾ ಇಲ್ಲಿಗೇ ಯಾಕೆ ಬರ್ತೀಯ?" ಒಂದು ಸಂಜೆ ಕೇಳಿಯೇಬಿಟ್ಟಳು.

ಲೂಷಿಯಸ್ ತಡವರಿಸಿದ. "ಇಂಥಾ ಮೆಟ್ಟಿಲು ಎಲ್ಲೂ ಇಲ್ಲ ಕಣೇ! ದನಿ ಹೇಗೆ ಗುಂಯ್ಗುಡುತ್ತೆ ನೋಡು!"

ಮೆಟ್ಟಿಲಂತೆ! ಅವಳ ಮೈಯೆಲ್ಲ ಉರಿದುಹೋಯಿತು. 'ಹಾಗಾದ್ರೆ ನಾನ್ಯಾರು, ಮೆಟ್ಟಿಲು ಕಾಯೋಳಾ?'

ಕಟ್ಟಡ ನೋಡಿಕೊಳ್ಳುತ್ತಿದ್ದ ಅಪ್ಪನ ಬೆನ್ನು ಬಿದ್ದು, ಯಾವುದೋ ಹೋಟೆಲ್‌ನವರು ಎಸೆದ ಕಾರ್ಪೆಟ್ಟನ್ನು ಮೆಟ್ಟಿಲಿಗೆಲ್ಲ ಹಾಸಿಸಿದಳು. ಈಗ ಬರಲಿ, ನೋಡೋಣ!

ಮರುದಿನ ಹಾಡಿದರೆ ದನಿ ಕಂಬಳಿ ಹೊದ್ದು ಮಲಗಿದಂತಿತ್ತು. ಹುಡುಗರು ಬೇರೆ ಮೆಟ್ಟಿಲು ಹುಡುಕಿಕೊಂಡು ಹೋದರು. ಲೂಷಿಯಸ್ ಕೂಡ ಹೋದ. ಅವಳು ದಿಂಬಿಗೆ ಮುಖ ಒತ್ತಿ ಅತ್ತಳು.

ಆ ಬೇಸಿಗೆಯಲ್ಲಿ ಅವಳು ಅಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ರೇಡಿಯೋದಲ್ಲಿ ಹೊಸ ರೆಕಾರ್ಡೊಂದು ಗುನುಗಿತು.

"ಡೂಮ್... ಡೂಮ್... ಹೂವೀಪ್!"

"ಅಯ್ಯೋ, ನನ್ನ ಬಕೆಟ್ಟು!"

ಅಂಗಿ ಸುಟ್ಟುಹೋಯಿತು. ಹಾಡು ಮನೆಮಾತಾಯಿತು. ಬೀದಿ ಮೂಲೆಯ ಹುಡುಗರೆಲ್ಲ ಮೈಮೇಲೆ ನೀರು ಬಿದ್ದವರಂತೆ ಕಿರುಚತೊಡಗಿದರು. 'ಆ ಕೀರಲನ್ನ ಹಾಡಲ್ಲೇ ಇಟ್ಕೊಂಡಿದ್ದಾನೆ... ನನ್ನನ್ನ ಮರೆತಿಲ್ಲ!'

ಒಂದು ದಿನ ಕೆಳಗಿನಿಂದ ಒಂಟಿ ದನಿ ಕೇಳಿತು. ಅವಳು ಓಡಿ ಬಂದಳು. ಕಾರ್ಪೆಟ್ ಮೇಲೆ ಲೂಷಿಯಸ್ ನಿಂತಿದ್ದ.

"ಇಲ್ಲಿ ದನಿ ಗುಂಯ್ಗುಡಲ್ಲ," ಅಂದಳು.

"ಗೊತ್ತು."

"ಮತ್ಯಾಕ್ ಬಂದೆ? ಇಷ್ಟು ದಿನ ಎಲ್ಲಿ ಹೋಗಿದ್ದೆ?"

"ಕಾರ್ಪೆಟ್ ಹಾಸಿಸಿದ್ದು ನೀನೇ ಅಂತ ನಿಮ್ಮಪ್ಪ ಹೇಳಿದ್ರು. ನನ್ನ ಮುಖ ನೋಡೋಕೂ ಇಷ್ಟ ಇಲ್ವೇನೋ ಅಂದ್ಕೊಂಡೆ. ಆದ್ರೂ... ಅರ್ನೆಸ್ಟೀನ್, ನಾನು... ಡೂಮ್..."

ಅವಳಿಗೆ ಅಷ್ಟೇ ಸಾಕಾಯಿತು. ಅವನ ಎದೆಗೊರಗಿದಳು.

ವರ್ಷಗಳುರುಳಿದವು. ಆ ಹಾಡಿಲ್ಲದೆ ಅಲ್ಲಿ ಯಾರ ಮದುವೆಯೂ ಆಗಲಿಲ್ಲ. ಮೊನ್ನೆ ಅವರಿಬ್ಬರ ಮೊಮ್ಮಗಳ ಮದುವೆಯಲ್ಲೂ ಎಲ್ಲರೂ ಅಜ್ಜ ಲೂಷಿಯಸ್‌ನನ್ನು ಎಬ್ಬಿಸಿ ನಿಲ್ಲಿಸಿದರು. "ಡೂಮ್... ಡೂಮ್..." ಮುಂದಿನದಕ್ಕೆ ಗಂಟಲು ಏಳಲಿಲ್ಲ. ಅವನು ಪೆಚ್ಚಾಗಿ ನಿಂತ.

ಅರ್ನೆಸ್ಟೀನ್ ಲೋಟದಿಂದ ಒಂದು ಚೂರು ಐಸ್ ತೆಗೆದು ಅವನ ಕಾಲರಿನೊಳಗೆ ಬಿಟ್ಟಳು.

"ಹೂವೀಪ್!"

ಮದುವೆಮನೆಯೆಲ್ಲ ನಗುವೋ ನಗು! ಅವನು ಅವಳ ಒದ್ದೆ ಬೆರಳು ಹಿಡಿದ. "ಇನ್ನೂ ಕೋಪಾನಾ?"

"ದಿನಾ ಯಾಕೆ ಬರ್ತೀಯ ಅಂತ ಆವತ್ತು ಕೇಳಿದ್ನಲ್ಲ..."

"ನಿನಗೋಸ್ಕರ ಕಣೇ. ಬರೀ ನಿನಗೋಸ್ಕರ."

"ಇಷ್ಟು ಹೇಳೋಕೆ ಒಂದು ಜನ್ಮ ಬೇಕಾಯ್ತಾ?"

"ಏನ್ಮಾಡ್ಲಿ... ಹಾಡಲ್ಲಿ ಮಾತೆಲ್ಲ ಬೇರೆಯವರ ಪಾಲಿಗೆ ಹೋಗಿತ್ತು, ನನಗುಳಿದಿದ್ದು ಬರೀ ಡೂಮ್ ಡೂಮ್!"